ಒಂಬತ್ತನೇ ಸಾಲಿನ ಎರಡನೇ ಇಪ್ಪತ್ತೇಳು

ಇತಿಹಾಸ ಬರೆಯುವ ಕೆಲಸ ನನ್ನ ತಲೆಗೆ ಬಿದ್ದದ್ದು ಒಂದು ಮಂಗಳವಾರ, ಊಟದ ಡಬ್ಬಿ ತೆರೆಯುವ ಹೊತ್ತಿಗೆ ಸರಿಯಾಗಿ. ನಮ್ಮ ಮ್ಯಾನೇಜರಮ್ಮ ಟಿಕೆಟ್ ಕಿಟಕಿಯ ಹಿಂದಿನ ನನ್ನ ಗೂಡಿಗೆ ಬಂದು, ಸ್ಟೂಲಿನ ಮೇಲಿದ್ದ ಕೊಡೆಯನ್ನು ಪಕ್ಕಕ್ಕಿಟ್ಟು ಕೂತಳು. ವಯಸ್ಸಿನಲ್ಲಿ ನನ್ನ ಮಗಳಷ್ಟಿದ್ದಾಳೆ, ಒಳ್ಳೆಯ ಹುಡುಗಿ. ಆದರೆ ಆ ಸ್ಟೂಲಿನ ಮೇಲೆ ಕೂತಳೆಂದರೆ ಏನೋ ಬಿಟ್ಟಿ ಕೆಲಸ ಹೊತ್ತು ತಂದಿದ್ದಾಳೆಂದೇ ಲೆಕ್ಕ.

“ಮೇಡಂ, ನಮ್ಮ ಕ್ರೀಡಾಂಗಣಕ್ಕೆ ಐವತ್ತು ತುಂಬುತ್ತೆ. ಒಂದು ಪುಟ್ಟ ಪುಸ್ತಕ ತರೋಣ ಅಂತ. ಹದಿನಾರು ಪುಟ. ನೀವೇ ಬರೀಬೇಕು.”

“ನಾನು ಟಿಕೆಟ್ ಹರಿಯೋಳು ಕಣಮ್ಮ. ಇತಿಹಾಸ ಎಲ್ಲಿಂದ ಹರೀಲಿ?”

“ಮೂವತ್ತೊಂದು ವರ್ಷದಿಂದ ಈ ಕಿಟಕೀಲಿ ಕೂತಿದ್ದೀರಿ. ನಿಮಗಿಂತ ಹಳೇದು ಅಂದ್ರೆ ಇಲ್ಲಿ ಕಟ್ಟಡ ಒಂದೇ.”

ಅದೂ ನಿಜವಲ್ಲ. ಕಟ್ಟಡಕ್ಕೂ ನನಗೂ ಒಂದೇ ವಯಸ್ಸು. ಅದು ಬಾಗಿಲು ತೆರೆದಾಗ ನಾನು ಹಸುಗೂಸು. ಆದರೆ ಹೊಗಳಿಕೆಗೆ ಸೋಲದವರು ಯಾರಿದ್ದಾರೆ, ಹೂಂ ಅಂದುಬಿಟ್ಟೆ. ಎದ್ದು ಹೋಗುವಾಗ ಅವಳು ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದಳು. ಐವತ್ತರ ಪಂದ್ಯ ಮುಂದಿನ ತಿಂಗಳ ಕೊನೇ ಶನಿವಾರ. ಅದು ಮುಗಿದ ಮೇಲೆ ಸೋಮವಾರದಿಂದ ಹಳೇ ಮರದ ಕುರ್ಚಿಗಳನ್ನೆಲ್ಲ ಕಿತ್ತು ಹೊಸದು ಹಾಕುತ್ತಾರಂತೆ. ನಾನು ಡಬ್ಬಿಯ ಮುಚ್ಚಳ ಮತ್ತೆ ಮುಚ್ಚಿಟ್ಟೆ. ಆ ಕುರ್ಚಿಗಳಲ್ಲಿ ಒಂದರ ಜೊತೆ ನಮ್ಮ ಮನೆಯ ಮಾನ ಮರ್ಯಾದೆಯೆಲ್ಲ ಅಂಟಿಕೊಂಡಿತ್ತು. ಅಪ್ಪ ಒಂದೇ ಒಂದು ಸಲ ಅದರ ಮೇಲೆ ಕೂರಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ಅಪ್ಪ ಐವತ್ತು ವರ್ಷದಿಂದ ಆ ಕಟ್ಟಡದ ಹೊಸ್ತಿಲು ದಾಟಿಲ್ಲ.

ಇತಿಹಾಸವನ್ನು ಕ್ರಮವಾಗಿಯೇ ಹೇಳುತ್ತೇನೆ. ನಮ್ಮೂರಲ್ಲಿ ಇದನ್ನು ಯಾರೂ ಕ್ರೀಡಾಂಗಣ ಅನ್ನುವುದಿಲ್ಲ, ಸೂರು ಅನ್ನುತ್ತಾರೆ. ಎಲ್ಲಿಗೆ ಹೊರಟೆ ಅಂದರೆ ಸೂರಿಗೆ. ಮೊದಲು ಆಟವೆಲ್ಲ ಬಯಲಿನಲ್ಲೇ ನಡೆಯುತ್ತಿತ್ತು. ನಮ್ಮೂರ ಮಳೆಗೆ ಆಟವೆಂದರೆ ಅದೇನು ಹೊಟ್ಟೆಕಿಚ್ಚೋ, ಮೂರು ವರ್ಷ ಸತತವಾಗಿ ಶಾಲೆಗಳ ಫೈನಲ್ ಅರ್ಧಕ್ಕೆ ನಿಂತಿತು. ಬಾಕ್ಸಿಂಗ್ ಕಣದಲ್ಲಿ ಮೊಣಕಾಲುದ್ದ ನೀರು ನಿಂತು, ಗುದ್ದಾಡಬೇಕಾದವರು ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಹೊರಗೆ ಬಂದರಂತೆ. ಆಗ ಊರಿನವರು ಸೇರಿ ಒಂದು ಸೂರು ಕಟ್ಟೋಣ ಅಂದರು. ಗೋಡೆಯ ಮಾತು ಆಮೇಲೆ. ಮನೆಗೊಬ್ಬರು ಬಂದು ಒಂದು ದಿನ ದುಡಿಯಬೇಕು ಎಂದು ಕಟ್ಟಳೆಯಾಯಿತು. ನ್ಯಾಯಾಧೀಶರು ಇಟ್ಟಿಗೆ ಹೊತ್ತರು. ಹೊತ್ತದ್ದಕ್ಕಿಂತ ಬೀಳಿಸಿದ್ದೇ ಹೆಚ್ಚು ಅಂತ ನೋಡಿದವರು ಹೇಳುತ್ತಾರೆ. ಟೈಲರುಗಳು ಪರದೆ ಹೊಲಿದರು. ಬಡಗಿಗಳು ಮೂರು ಸಾವಿರದ ಇನ್ನೂರು ಕುರ್ಚಿ ಮಾಡಿಕೊಟ್ಟರು: ಪೂರ್ವಕ್ಕೆ ನಲವತ್ತು ಸಾಲು, ಪಶ್ಚಿಮಕ್ಕೆ ನಲವತ್ತು ಸಾಲು, ಸಾಲಿಗೆ ನಲವತ್ತು ಕುರ್ಚಿ. ಕೈಯಾಸರೆ ಇಲ್ಲದ, ಒಂದಕ್ಕೊಂದು ತಾಗಿಕೊಂಡಿರುವ, ಒರಗು ಹಲಗೆಯ ಮೇಲೆ ಸಂಖ್ಯೆ ಬರೆದ ಕುರ್ಚಿಗಳು.

ಆ ಸಂಖ್ಯೆ ಬರೆದವರು ನಮ್ಮಪ್ಪ. ಆಗ ಅವರಿಗೆ ಇಪ್ಪತ್ತಾರು ವರ್ಷ, ಊರಿನ ಅಂಗಡಿಗಳಿಗೆ ಬೋರ್ಡು ಬರೆಯುವ ಪೇಂಟರ್. ಒಂದು ದಿನದ ಕೆಲಸ ಅಂತ ಹೋದವರು ಹನ್ನೊಂದು ದಿನ ಕೂತು ಮೂರು ಸಾವಿರದ ಇನ್ನೂರು ಸಂಖ್ಯೆ ಬರೆದರು. ಅವರ ಕೆಲಸಕ್ಕೆ ಒಂದು ಪದ್ಧತಿ ಇದೆ. ಮೊದಲು ಬಾಯಲ್ಲಿ ಎಣಿಸುತ್ತಾ ಸೀಮೆಸುಣ್ಣದಲ್ಲಿ ಬರೆದುಕೊಂಡು ಹೋಗುವುದು. ಆಮೇಲೆ ಬಣ್ಣ ತಂದು ಅದರ ಮೇಲೆಯೇ ಬ್ರಷ್ಷು ಆಡಿಸುವುದು. ಬಣ್ಣ ಹಚ್ಚುವಾಗ ಯಾರೂ ಮತ್ತೆ ಎಣಿಸುವುದಿಲ್ಲ. ಸೀಮೆಸುಣ್ಣ ಹೇಳಿದ್ದನ್ನು ಬ್ರಷ್ಷು ಕೇಳುತ್ತದೆ, ಅಷ್ಟೇ. ಹಾಗಾಗಿ ಪಶ್ಚಿಮದ ಒಂಬತ್ತನೇ ಸಾಲಿನಲ್ಲಿ ಇಪ್ಪತ್ತೇಳು ಆದ ಮೇಲೆ ಮತ್ತೆ ಇಪ್ಪತ್ತೇಳು ಬಂದದ್ದು, ಅಲ್ಲಿಂದ ಮುಂದೆ ಲೆಕ್ಕ ಒಂದು ಹಿಂದೆ ಬಿದ್ದು ಸಾಲು ಮೂವತ್ತೊಂಬತ್ತಕ್ಕೇ ಮುಗಿದದ್ದು ಅಪ್ಪನಿಗೂ ಗೊತ್ತಾಗಲಿಲ್ಲ, ಮಿಕ್ಕವರಿಗೂ ಗೊತ್ತಾಗಲಿಲ್ಲ.

ಗೊತ್ತಾದದ್ದು ಉದ್ಘಾಟನೆಯ ದಿನ. ಒಂಬತ್ತನೇ ಸಾಲಿನ ನಲವತ್ತನೇ ಟಿಕೆಟ್ಟು ಇದ್ದದ್ದು ಯಾರ ಹತ್ತಿರ ಅಂತೀರಿ, ನಗರದ ಅಧ್ಯಕ್ಷರ ಬೀಗರ ಹತ್ತಿರ. ಅವರು ಬಂದು ನೋಡುತ್ತಾರೆ, ನಲವತ್ತೇ ಇಲ್ಲ. ಇಡೀ ಸಮಾರಂಭ ಗೋಡೆಗೆ ಆತುಕೊಂಡು, ಮುಖ ಕೆಂಪಗೆ ಮಾಡಿಕೊಂಡು ನಿಂತಿದ್ದರು. ಎರಡನೇ ಇಪ್ಪತ್ತೇಳರಲ್ಲಿ ಅವರನ್ನು ಕೂರಿಸೋಣ ಅಂದರೆ, ಯಾರದೋ ಸಂಖ್ಯೆಯ ಮೇಲೆ ಬೀಗರನ್ನು ಕೂರಿಸುವ ಧೈರ್ಯ ಯಾರಿಗೂ ಇರಲಿಲ್ಲ. ಮರುದಿನದ ಪತ್ರಿಕೆಯಲ್ಲಿ ಫೋಟೋ ಬಂತು. ಕಿಕ್ಕಿರಿದ ಜನರ ನಡುವೆ ಒಂದೇ ಒಂದು ಖಾಲಿ ಕುರ್ಚಿ, ಬಿದ್ದುಹೋದ ಹಲ್ಲಿನ ಜಾಗದ ಹಾಗೆ. ಪೇಂಟರ್ ಇಪ್ಪತ್ತೇಳನ್ನು ಎರಡು ಸಲ ಬರೆದದ್ದನ್ನೂ ಅದರ ಕೆಳಗೆ ಅಚ್ಚು ಹಾಕಿದ್ದರು.

ಅವತ್ತಿನಿಂದ ಅಪ್ಪನ ಹೆಸರು ಇಪ್ಪತ್ತೇಳು. ಮೊಟ್ಟೆ ಕೊಳ್ಳಲು ಹೋದರೆ ಅಂಗಡಿಯವನು, “ಪೇಂಟರೇ, ಇಪ್ಪತ್ತೇಳಾದ ಮೇಲೆ ಎಷ್ಟು?” ಅನ್ನುತ್ತಿದ್ದ. ಬಸ್ಸಿನಲ್ಲಿ, ಕ್ಷೌರದ ಅಂಗಡಿಯಲ್ಲಿ, ಮದುವೆ ಮನೆಯಲ್ಲಿ ಅದೇ ಪ್ರಶ್ನೆ. ಶಾಲೆಯಲ್ಲಿ ನನ್ನನ್ನೂ ಬಿಡಲಿಲ್ಲ. ಹಾಗೆ ಕೇಳಿದ ಒಬ್ಬಳ ಜಡೆ ಹಿಡಿದು ನಾನು ಎರಡು ಬಿಟ್ಟಿದ್ದೂ ಉಂಟು. ಅಪ್ಪ ಮಾತ್ರ ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದರು: “ನಿದ್ದೆಗಣ್ಣು ಕಣಪ್ಪ, ಏನ್ ಮಾಡೋದು.” ಆಮೇಲೆ ಅವರು ಬರೆದ ಒಂದೇ ಒಂದು ಬೋರ್ಡಿನಲ್ಲೂ ತಪ್ಪಿಲ್ಲ. ಏನು ಎಣಿಸಿದರೂ ಎರಡು ಸಲ ಎಣಿಸುವುದು ಅಭ್ಯಾಸವಾಯಿತು. ಮನೆಯ ಮೆಟ್ಟಿಲನ್ನೂ ಎಣಿಸಿ ಹತ್ತುತ್ತಾರೆ, ಇರುವುದು ನಾಲ್ಕೇ ಮೆಟ್ಟಿಲು.

ಉದ್ಘಾಟನೆಯ ಮರುದಿನ ಬೆಳಿಗ್ಗೆಯೇ ಅಪ್ಪ ಟರ್ಪೆಂಟೈನ್, ಬ್ರಷ್ಷು ಹಿಡಿದುಕೊಂಡು ತಿದ್ದಲು ಹೋಗಿದ್ದರು. ಹದಿಮೂರು ಕುರ್ಚಿ ತಿದ್ದಿದರೆ ಸಾಲು ಸರಿಹೋಗುತ್ತಿತ್ತು. ಆದರೆ ಸೂರಿನ ಮೊದಲ ಕಾರ್ಯದರ್ಶಿ, ಡ್ರಿಲ್ ಮೇಷ್ಟ್ರಾಗಿದ್ದವರು, ಬಾಗಿಲಲ್ಲೇ ತಡೆದು, “ಬೇಡಪ್ಪ, ಇರಲಿ ಬಿಡು. ಊರೆಲ್ಲ ಸೇರಿ ಕಟ್ಟಿದ ಮನೆ ಇದು. ಒಂದು ಕುರ್ಚಿ ಯಾರದ್ದೂ ಅಲ್ಲದ್ದು ಇರಲಿ,” ಅಂದರಂತೆ. ಅವರು ಪ್ರೀತಿಯಿಂದ ಹೇಳಿದ್ದು. ಅಪ್ಪನಿಗೆ ಅದು ಕುಹಕವಾಗಿ ಕೇಳಿಸಿತು. ಬ್ರಷ್ಷು ತೆಗೆದುಕೊಂಡು ಹಿಂದಿರುಗಿ ಬಂದವರು ಮತ್ತೆ ಒಳಗೆ ಕಾಲಿಡಲಿಲ್ಲ.

ಮುಂದಿನ ಟಿಕೆಟ್ಟುಗಳಲ್ಲಿ ಒಂಬತ್ತನೇ ಸಾಲಿಗೆ ನಲವತ್ತನ್ನು ಅಚ್ಚು ಹಾಕಲೇ ಇಲ್ಲ. ಹಾಗೆ ಎರಡನೇ ಇಪ್ಪತ್ತೇಳಕ್ಕೆ ಟಿಕೆಟ್ಟೇ ಇಲ್ಲವಾಯಿತು. ಆ ಕುರ್ಚಿಗೆ ವಾರಸುದಾರನಾದವನು ಬಾಗಿಲಣ್ಣ. ಸೂರು ಕಟ್ಟುವಾಗ ಹತ್ತೊಂಬತ್ತು ವರ್ಷದವನಾಗಿ ಮರಳು ಹೊರಲು ಬಂದವನು, ಕಟ್ಟಿ ಮುಗಿದ ಮೇಲೆ ಬಾಗಿಲು ಕಾಯಲು ನಿಂತ; ನಿವೃತ್ತಿಯಾಗಿ ಒಂಬತ್ತು ವರ್ಷವಾದರೂ ದೊಡ್ಡ ಪಂದ್ಯವಿದ್ದರೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ನಿಲ್ಲುತ್ತಾನೆ. ಅವನು ಒಂದು ಪದ್ಧತಿ ಮಾಡಿದ. ಟಿಕೆಟ್ ಎಲ್ಲ ಮುಗಿದು ‘ಭರ್ತಿಯಾಗಿದೆ’ ಎಂಬ ಬೋರ್ಡು ನೇತುಹಾಕಿದ ಮೇಲೆ ಕಿಟಕಿಗೆ ಬಂದು, ಇಲ್ಲ ಅನ್ನಿಸಿಕೊಂಡು, ಜಗಳವಾಡದೆ ತಿರುಗಿ ಹೊರಟವರು ಯಾರೋ ಅವರಿಗೆ ಆ ಕುರ್ಚಿ. ಕೂಗಾಡಿದವರಿಗಿಲ್ಲ, ಯಾರದೋ ಹೆಸರು ಹೇಳಿದವರಿಗಿಲ್ಲ. ಸುಮ್ಮನೆ ತಲೆ ತಗ್ಗಿಸಿಕೊಂಡು ಹೊರಟವರ ಹಿಂದೆ ಬಾಗಿಲಣ್ಣ ಓಡಿಹೋಗಿ ಕೈ ಹಿಡಿದು ಕರೆತರುತ್ತಿದ್ದ. ಆಸೆಬುರುಕರು ಕೆಲವರು ಇದನ್ನು ತಿಳಿದುಕೊಂಡು ಬೇಕೆಂದೇ ತಲೆ ತಗ್ಗಿಸಿ ನಡೆದದ್ದುಂಟು. ಬೆನ್ನು ನೋಡಿದರೆ ಗೊತ್ತಾಗುತ್ತೆ ಅನ್ನುತ್ತಿದ್ದ ಬಾಗಿಲಣ್ಣ.

ಪುಸ್ತಕ ಬರೆಯಲು ಕೂತಾಗ ನಾನು ಅವನನ್ನು ನನ್ನ ಸ್ಟೂಲಿನ ಮೇಲೆ ಕೂರಿಸಿ, ಟೀ ಕೊಡಿಸಿ, ಆ ಕುರ್ಚಿಯಲ್ಲಿ ಯಾರು ಯಾರು ಕೂತಿದ್ದರು ಹೇಳು ಅಂದೆ. ಎಲ್ಲರೂ ನೆನಪಿನಲ್ಲಿರುವುದು ಸಾಧ್ಯವೇ. ಆದರೂ ಇಪ್ಪತ್ತಮೂರು ಜನರನ್ನು ಹೇಳಿದ, ಬದುಕಿರುವವರ ಮನೆಗೆ ನಾನೇ ಹೋಗಿ ಕೇಳಿ ಬರೆದುಕೊಂಡೆ. ಒಬ್ಬ ಬಸ್ ಕಂಡಕ್ಟರು, ಪಕ್ಕದ ಮೊದಲನೇ ಇಪ್ಪತ್ತೇಳರಲ್ಲಿ ಟಿಕೆಟ್ ತೆಗೆದುಕೊಂಡು ಕೂತಿದ್ದ ನರ್ಸ್ ಒಬ್ಬರನ್ನು ಅಲ್ಲೇ ನೋಡಿ ಮದುವೆಯಾದವರು. “ಇಬ್ಬರಿಗೂ ಒಂದೇ ನಂಬರು ಸಿಕ್ಕ ಮೇಲೆ ಮಾತಾಡದೆ ಇರೋಕಾಗುತ್ತೇನ್ರೀ?” ಅಂದರು ಆಕೆ, ಮೊಮ್ಮಗುವಿಗೆ ಬಟ್ಟೆ ಹಾಕುತ್ತಾ. ಬಾಕ್ಸಿಂಗ್ ಆಡುತ್ತಿದ್ದವನ ತಾಯಿಯೊಬ್ಬಳು ಮಗನ ಆಟ ನೋಡಲು ಬಂದು, ಪೂರ್ತಿ ಹೊತ್ತು ಕಣ್ಣು ಮುಚ್ಚಿಕೊಂಡೇ ಕೂತಿದ್ದು, ಮುಗಿಯಿತು ಅಂದ ಮೇಲೆ ಗೆದ್ದನೋ ಸೋತನೋ ಅಂತ ಕೇಳದೆ ಮೂಗು ನೆಟ್ಟಗಿದೆಯಾ ಅಂತ ಕೇಳಿದಳಂತೆ. ಹೆಂಡತಿ ತೀರಿಕೊಂಡ ಮೇಲೆ ಜೀವನದಲ್ಲಿ ಮೊದಲ ಬಾರಿಗೆ ಒಂದೇ ಟಿಕೆಟ್ ಕೇಳಲು ಬಂದಿದ್ದ ಗಡಿಯಾರ ರಿಪೇರಿಯವರು ಇದ್ದರು. ಸಂಗೀತದ ಕಾರ್ಯಕ್ರಮ, ಟಿಕೆಟ್ ಮುಗಿದಿತ್ತು. ಅವರನ್ನು ಬಾಗಿಲಣ್ಣ ಗೇಟಿನವರೆಗೆ ಓಡಿ ಹಿಡಿದ. “ಆವತ್ತು ಮನೆಗೆ ವಾಪಸ್ ಹೋಗಿದ್ದರೆ ಏನು ಮಾಡಿಕೊಳ್ಳುತ್ತಿದ್ದೆನೋ ಗೊತ್ತಿಲ್ಲ,” ಅಂತ ಅವರು ನನಗೆ ಹೇಳಿದರು. ಅದನ್ನು ಹೇಳಿದ ಹಾಗೇ ಬರೆದುಕೊಂಡೆ.

ನದಿ ಉಕ್ಕಿ ಊರೊಳಗೆ ನೀರು ಬಂದ ವರ್ಷ ಮುನ್ನೂರು ಸಂಸಾರಗಳು ನಲವತ್ತೊಂದು ದಿನ ಸೂರಿನಲ್ಲಿದ್ದವು. ಕುರ್ಚಿಯ ಸಂಖ್ಯೆಯೇ ಎಲ್ಲರಿಗೂ ವಿಳಾಸ. ಒಂಟಿಯಾಗಿದ್ದ ಒಬ್ಬ ನಿವೃತ್ತ ಟೀಚರಮ್ಮ ಎರಡನೇ ಇಪ್ಪತ್ತೇಳನ್ನು ಹಿಡಿದು ಕೂತಿದ್ದರು. ಅವರ ತಂಗಿ ದೂರದ ಊರಿನಿಂದ ಬರೆದ ಕಾಗದದ ಮೇಲೆ ‘ಸೂರು, ಪಶ್ಚಿಮ, ಒಂಬತ್ತನೇ ಸಾಲು, ಎರಡನೇ ಇಪ್ಪತ್ತೇಳು’ ಅಂತಿತ್ತು. ಅಂಚೆಯವನು ಯಾರನ್ನೂ ಕೇಳದೆ ನೇರವಾಗಿ ಹೋಗಿ ಕೈಗೆ ಕೊಟ್ಟ.

ಇಪ್ಪತ್ತಮೂರು ಜನರಲ್ಲಿ ನಮ್ಮಮ್ಮನೂ ಒಬ್ಬಳು. ನನಗೆ ಹದಿನೈದು ವರ್ಷ, ಶಾಲೆಯ ಬ್ಯಾಸ್ಕೆಟ್‌ಬಾಲ್ ಫೈನಲ್. ಬಾಗಿಲಣ್ಣ ಅಮ್ಮನಿಗೆ ಅದೇ ಕುರ್ಚಿ ಕೊಟ್ಟಿದ್ದ. ನಾನು ಒಂದೊಂದು ಸಲ ಚೆಂಡು ಹಾಕಿದಾಗಲೂ ಒಂಬತ್ತನೇ ಸಾಲಿನ ಕಡೆ ತಿರುಗಿ ನೋಡುತ್ತಿದ್ದೆ. ಅಮ್ಮ ಒಬ್ಬಳೇ ಕಾಣುತ್ತಿದ್ದಳು. ಗೆದ್ದು, ಕುಣಿದು, ಹೊರಗೆ ಬಂದರೆ ಗೇಟಿನ ಹತ್ತಿರ ಅಪ್ಪ ಕೊಡೆ ಹಿಡಿದು ನಿಂತಿದ್ದರು. ಪ್ಯಾಂಟು ಮೊಣಕಾಲವರೆಗೆ ಒದ್ದೆ. “ಎಷ್ಟೆಷ್ಟು?” ಅಂದರು. ನಲವತ್ತೊಂದು, ಮೂವತ್ತೆಂಟು ಅಂದೆ. ಮನೆ ಮುಟ್ಟುವವರೆಗೂ ಮೊದಲಿಂದ ಹೇಳು, ಒಂದೊಂದಾಗಿ ಹೇಳು ಅಂತ ಪೀಡಿಸಿದರು. ನಾನು ಸಿಟ್ಟಿನಿಂದ ಅರ್ಧಕ್ಕೆ ಬಾಯಿ ಮುಚ್ಚಿಕೊಂಡೆ. ಆ ಸಿಟ್ಟು ಮೂವತ್ತೈದು ವರ್ಷ ನನ್ನೊಳಗೆ ಇತ್ತು. ಅಪ್ಪನನ್ನು ಎಷ್ಟು ಪ್ರೀತಿಸಿದರೂ ಅದು ಕರಗಲಿಲ್ಲ.

ಬರೆದ ಹದಿನಾರು ಪುಟಗಳನ್ನು ಒಂದು ಭಾನುವಾರ ಬೆಳಿಗ್ಗೆ ಅಪ್ಪನ ಮುಂದೆ ಇಟ್ಟೆ. ಅಪ್ಪನಿಗೆ ಈಗ ಎಪ್ಪತ್ತಾರು. ಅಮ್ಮ ಹೋದ ಮೇಲೆ ನಮ್ಮ ಜೊತೆಯಲ್ಲೇ ಇದ್ದಾರೆ. ಕೈ ಸ್ವಲ್ಪ ನಡುಗುತ್ತದೆ, ಬ್ರಷ್ಷು ಹಿಡಿದರೆ ನಡುಗುವುದಿಲ್ಲ. ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತು ಯಾರದೋ ಮನೆಯ ನಾಮಫಲಕ ಬರೆಯುತ್ತಿದ್ದರು. ಬ್ರಷ್ಷು ತೊಳೆದಿಟ್ಟು, ಬೆರಳಿಟ್ಟುಕೊಂಡು ಪೂರ್ತಿ ಓದಿದರು. ನಡುವೆ ಒಂದು ಕಡೆ ನಾನು ಬಿಟ್ಟಿದ್ದ ಒತ್ತಕ್ಷರವನ್ನು ಪೆನ್ಸಿಲಿನಲ್ಲಿ ಹಾಕಿದರು.

“ಚೆನ್ನಾಗಿ ಬರೆದಿದ್ದೀಯ. ಆ ಒಂಬತ್ತನೇ ಸಾಲಿನ ಮೂರು ಪುಟ ತೆಗೆದುಬಿಡು.”

“ಅದೇ ಅಪ್ಪ ಇಡೀ ಪುಸ್ತಕದಲ್ಲಿ ಓದೋ ಹಾಗಿರೋದು.”

“ತಪ್ಪನ್ನ ಯಾರಾದ್ರೂ ಅಚ್ಚು ಹಾಕಿಸ್ತಾರಾ? ಒಂದು ಸಲ ಪೇಪರ್‌ನಲ್ಲಿ ಬಂದಿದ್ದು ಸಾಲದಾ?”

“ಶನಿವಾರ ನೀವು ಬಂದು ಆ ಕುರ್ಚೀಲಿ ಕೂರಬೇಕು. ಸೋಮವಾರ ಅದು ಇರಲ್ಲ.”

“ನಾನು ಬರಲ್ಲ.”

“ಯಾಕೆ ಅಂತ ಹೇಳಿ.”

“ನಿದ್ದೆಗಣ್ಣಲ್ಲಿ ಆದ ತಪ್ಪು ಕಣೆ. ಅದನ್ನ ಹೋಗಿ ನೋಡೋದೇನಿದೆ?”

ನನಗೆ ತಡೆಯಲಿಲ್ಲ. ಇಷ್ಟು ವರ್ಷ ನುಂಗಿಕೊಂಡಿದ್ದೆಲ್ಲ ಬಾಯಿಗೆ ಬಂತು. “ಒಂದು ಅಂಕೆಗೋಸ್ಕರ ಐವತ್ತು ವರ್ಷ ಮುಖ ಮುಚ್ಚಿಕೊಂಡಿದ್ದೀರಿ. ಮಗಳ ಆಟಕ್ಕೂ ಬರಲಿಲ್ಲ. ನಾನು ಎಷ್ಟು ಸಲ ತಿರುಗಿ ನೋಡಿದೆ ಗೊತ್ತಾ?”

“ಹೊರಗೆ ನಿಂತಿದ್ದೆನಲ್ಲ.”

“ಹೊರಗೆ ನಿಲ್ಲೋಕೆ ಅಪ್ಪ ಯಾಕೆ ಬೇಕು, ಕೊಡೆ ಸಾಕು.”

ಅಂದ ತಕ್ಷಣ ನಾಲಿಗೆ ಕಚ್ಚಿಕೊಂಡೆ. ಅಪ್ಪ ತೊಳೆದಿಟ್ಟಿದ್ದ ಬ್ರಷ್ಷನ್ನು ಮತ್ತೆ ಕೈಗೆತ್ತಿಕೊಂಡರು. ಬ್ರಷ್ಷಿನ ಕೂದಲನ್ನು ಬಟ್ಟೆಯಲ್ಲಿ ಒರೆಸುತ್ತಾ ಕೂತರು. ಒರೆಸಿ ಆಗಿತ್ತು, ಆದರೂ ಒರೆಸುತ್ತಿದ್ದರು. ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಮರುದಿನ ಆಫೀಸಿಗೆ ಹೋದವಳೇ, ಅಚ್ಚಿಗೆಂದು ಟೈಪ್ ಮಾಡಿಸಿದ್ದ ಪ್ರತಿಯಿಂದ ಆ ಮೂರು ಪುಟ ತೆಗೆದೆ. ಮ್ಯಾನೇಜರಮ್ಮ ತಲೆ ಮೇಲೆ ಕೈ ಹೊತ್ತಳು, ಪುಟ ಖಾಲಿ ಬಿಡುವ ಹಾಗಿಲ್ಲವಲ್ಲ ಅಂತ. ಕೊನೆಗೆ ಅಲ್ಲಿ ಮೂವರು ಗಣ್ಯರ ಶುಭಸಂದೇಶ, ಅವರ ಫೋಟೋ ಸಮೇತ, ಹಾಕಿದಳು. ಮೂವರೂ ಒಂದೇ ಮಾತನ್ನು ಹೇಳಿದ್ದಾರೆ. “ತೆಗೆದೆ ಅಪ್ಪ,” ಅಂತ ಸಂಜೆ ಹೇಳಿದೆ. “ಸರಿ,” ಅಂದರು. ಆದರೆ ನನ್ನ ಕೈಬರಹದ ಆ ಮೂರು ಪುಟಗಳನ್ನು ಅವರು ವಾಪಸ್ ಕೊಡಲಿಲ್ಲ. ಬುಧವಾರ ಅವರ ಮೇಜು ಒರೆಸುವಾಗ ನೋಡಿದೆ. ಆ ಕುರ್ಚಿಯಲ್ಲಿ ಕೂತ ಒಬ್ಬೊಬ್ಬರ ಮುಂದೆಯೂ ಪೆನ್ಸಿಲಿನಲ್ಲಿ ಸಣ್ಣ ಗೀಟು ಎಳೆದಿದ್ದರು, ಒಬ್ಬೊಬ್ಬರಿಗೆ ಎರಡೆರಡು. ಎರಡು ಸಲ ಎಣಿಸಿದ್ದಾರೆ ಅಂತ ಗೊತ್ತಾಯಿತು. ನಾನು ನೋಡದವಳ ಹಾಗೆ ಪುಟಗಳನ್ನು ಇದ್ದಲ್ಲೇ ಇಟ್ಟೆ. ಗುರುವಾರ ಊಟದ ಹೊತ್ತಿಗೆ, “ನಿಮ್ಮಮ್ಮ ಅಲ್ಲಿ ಎಷ್ಟು ಸಲ ಕೂತಿದ್ಲು?” ಅಂತ ಕೇಳಿದರು. ಬಾಗಿಲಣ್ಣ ಹೇಳಿದ ಲೆಕ್ಕ ಹನ್ನೊಂದು ಅಂದೆ. “ನನಗೆ ನಾಲ್ಕು ಅಂತ ಹೇಳಿದ್ಲು ಕಳ್ಳಿ,” ಅಂದು ನಕ್ಕರು. ಆ ನಗು ನೋಡಿ ನನಗೆ ಅಳು ಬಂತು. ಶನಿವಾರ ಬನ್ನಿ ಅಂತ ಮತ್ತೆ ಕೇಳುವ ಧೈರ್ಯ ಮಾತ್ರ ಬರಲಿಲ್ಲ.

ಶನಿವಾರ ಮಧ್ಯಾಹ್ನ ಎರಡಕ್ಕೆ ಆಟ. ಒಂದೂವರೆಗೇ ಟಿಕೆಟ್ಟೆಲ್ಲ ಮುಗಿದವು. ‘ಭರ್ತಿಯಾಗಿದೆ’ ಬೋರ್ಡು ನೇತುಹಾಕಿದೆ. ಆ ಬೋರ್ಡು ಬರೆದವರೂ ಅಪ್ಪನೇ. ಒಂದಿಷ್ಟು ಜನ ಬಂದು ಜಗಳವಾಡಿದರು, ಒಬ್ಬ ತನ್ನ ಭಾವ ಯಾರು ಗೊತ್ತಾ ಅಂದ, ನಿಮ್ಮಕ್ಕನನ್ನು ಕೇಳಿ ಅಂದೆ. ಎರಡು ಹೊಡೆಯಲು ಐದು ನಿಮಿಷ ಇರುವಾಗ ಕಿಟಕಿಯ ಮುಂದೆ ಇನ್ನೊಂದು ಕೈ ಬಂತು. ಉಗುರಿನ ಸಂದಿಯಲ್ಲಿ ನೀಲಿ ಬಣ್ಣವಿತ್ತು. ನಾನು ತಲೆ ಎತ್ತಿದೆ.

ಅಪ್ಪ ತಲೆ ಬಾಚಿಕೊಂಡು, ಅಮ್ಮ ಕೊನೆಯದಾಗಿ ತೆಗೆದುಕೊಟ್ಟಿದ್ದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ನನ್ನನ್ನು ಪರಿಚಯವೇ ಇಲ್ಲದವರ ಹಾಗೆ ನೋಡಿದರು.

“ಒಂದು ಟಿಕೆಟ್ ಇದೆಯಾ ಅಮ್ಮ?”

ಮೂವತ್ತೊಂದು ವರ್ಷದಲ್ಲಿ ಈ ಪ್ರಶ್ನೆಗೆ ಎಷ್ಟು ಸಾವಿರ ಸಲ ಉತ್ತರ ಕೊಟ್ಟಿದ್ದೇನೋ. ಆವತ್ತು ಅವರೇ ಬರೆದ ಬೋರ್ಡಿನ ಕಡೆ ಬೆರಳು ತೋರಿಸಿದೆ. “ಇಲ್ಲ, ಭರ್ತಿಯಾಗಿದೆ,” ಅಂದೆ.

“ಸರಿ,” ಅಂದು ಅಪ್ಪ ತಿರುಗಿ ಹೊರಟರು.

ಜಗಳವಾಡಲಿಲ್ಲ. ಯಾರ ಹೆಸರೂ ಹೇಳಲಿಲ್ಲ. ಗೇಟಿನ ಕಡೆಗೆ ನಿಧಾನವಾಗಿ ನಡೆದರು. ಮೂವತ್ತೈದು ವರ್ಷದ ಹಿಂದೆ ಕೊಡೆ ಹಿಡಿದು ನಿಂತಿದ್ದ ಜಾಗದ ಹತ್ತಿರ ಬರುವಾಗ, ಅರವತ್ತೊಂಬತ್ತರ ಬಾಗಿಲಣ್ಣ, ಮಂಡಿನೋವಿನ ಬಾಗಿಲಣ್ಣ, ಮೆಟ್ಟಿಲು ಇಳಿದು ಓಡಿದ. ಓಟ ಅನ್ನುವ ಹಾಗಿರಲಿಲ್ಲ, ಆದರೆ ಅವನ ಮಟ್ಟಿಗೆ ಅದು ಓಟವೇ. ಅಪ್ಪನ ಕೈ ಹಿಡಿದುಕೊಂಡ. ಏನೋ ಅಂದ. ಇಬ್ಬರೂ ತಿರುಗಿದರು. ಅಪ್ಪ ಹೊಸ್ತಿಲ ಮುಂದೆ ಒಂದು ಗಳಿಗೆ ನಿಂತು, ಮೆಟ್ಟಿಲುಗಳನ್ನು ನೋಡಿದರು. ಎಣಿಸಿಕೊಂಡರೆಂದು ಕಾಣುತ್ತದೆ. ಆಮೇಲೆ ಒಳಗೆ ಹೋದರು. ನಾನು ಕಿಟಕಿ ಮುಚ್ಚಿ, ಗೂಡಿಗೆ ಬೀಗ ಹಾಕುವುದನ್ನೂ ಮರೆತು ಅವರ ಹಿಂದೆ ಹೋದೆ.

ಮೊದಲರ್ಧ ನಾನು ಸಾಲಿನ ಕೊನೆಯಲ್ಲಿ ನಿಂತೇ ಇದ್ದೆ. ಆಟ ನೋಡಲಿಲ್ಲ, ಅಪ್ಪನನ್ನು ನೋಡಿದೆ. ಮೊದಲು ಬೆನ್ನು ನೆಟ್ಟಗೆ ಮಾಡಿಕೊಂಡು, ಇಂಟರ್‌ವ್ಯೂಗೆ ಬಂದವರ ಹಾಗೆ ಕೂತಿದ್ದರು. ನಿಧಾನವಾಗಿ ಒರಗಿದರು. ಒಮ್ಮೆ ಚೆಂಡು ಬುಟ್ಟಿಯ ಅಂಚಿಗೆ ತಾಗಿ ಹೊರಗೆ ಬಿದ್ದಾಗ ಪಕ್ಕದವರ ತೊಡೆಗೇ ಒಂದು ಹೊಡೆದುಬಿಟ್ಟರು. ವಿರಾಮದ ಸೀಟಿ ಆದ ಮೇಲೆ ಹನ್ನೆರಡು ಜನರ ಮೊಣಕಾಲು ದಾಟಿಕೊಂಡು ಹೋಗಿ ಅವರ ಮುಂದೆ ಕುಕ್ಕರಗಾಲಲ್ಲಿ ಕೂತೆ. ಬಾಗಿಲಣ್ಣನೂ ನನ್ನ ಹಿಂದೆಯೇ ಬಂದು ನಿಂತ.

“ನಿದ್ದೆಗಣ್ಣಲ್ಲ ಕಣೆ,” ಅಂದರು ಅಪ್ಪ, ನಾನು ಏನೂ ಕೇಳದೆಯೇ. “ಆವತ್ತು ಸೀಮೆಸುಣ್ಣದಲ್ಲಿ ಬರೀತಿದ್ದೆ. ಇಪ್ಪತ್ತೇಳು, ಇಪ್ಪತ್ತೇಳು ಅಂತ ಬಾಯಲ್ಲಿ ಹೇಳ್ಕೊಂಡು ಬರೆದು, ಪಕ್ಕದ್ದಕ್ಕೆ, ಅಂದ್ರೆ ಇದಕ್ಕೆ ಬಗ್ಗಿದೆ. ಅಷ್ಟರಲ್ಲಿ ಇವನು ಕೆಳಗಿನಿಂದ ಕೂಗಿದ.”

“ಆಸ್ಪತ್ರೆಯಿಂದ ಓಡಿಬಂದಿದ್ದೆ,” ಅಂದ ಬಾಗಿಲಣ್ಣ. “ಪೇಂಟರೇ, ಹೆಣ್ಣು ಮಗು, ತಾಯಿ ಮಗು ಇಬ್ರೂ ಚೆನ್ನಾಗಿದ್ದಾರೆ ಅಂತ ಕೂಗಿದೆ.”

“ಬಾಯಲ್ಲಿ ಇಪ್ಪತ್ತೇಳೇ ಇತ್ತಲ್ಲ, ಕೈ ಅದನ್ನೇ ಇನ್ನೊಂದು ಸಲ ಬರೀತು. ಸೀಮೆಸುಣ್ಣ ಎಸೆದು ಓಡಿದೆ. ನಿನ್ನನ್ನ ನೋಡಿ ಬಂದ ಮೇಲೆ ಎಲ್ಲಿ ಬಿಟ್ಟಿದ್ದೆ ಅಂತ ನೋಡಿದ್ರೆ ಇಪ್ಪತ್ತೇಳು ಕಾಣಿಸ್ತು. ಮುಂದಕ್ಕೆ ಇಪ್ಪತ್ತೆಂಟು ಬರ್ಕೊಂಡು ಹೋದೆ.”

“ನನಗೆ ಯಾಕೆ ಹೇಳಲಿಲ್ಲ ಅಪ್ಪ?”

ಅಪ್ಪ ಕೆಳಗಿನ ಅಂಕಣದ ಕಡೆ ತಿರುಗಿದರು. ಯಾರೋ ನೆಲ ಒರೆಸುತ್ತಿದ್ದರು.

“ಪೇಪರ್‌ನಲ್ಲಿ ಫೋಟೋ ಬಂದ ದಿನ ನಿನಗೆ ಒಂಬತ್ತು ದಿನ. ಇಷ್ಟೇ ಇದ್ದೆ, ನನ್ನ ಮೊಣಕೈವರೆಗೆ. ನಿಮ್ಮಜ್ಜಿ ಪೇಪರ್ ನೋಡಿ, ನಿನ್ನ ಕಡೆ ತಿರುಗಿ, ಹುಟ್ಟುತ್ತಲೇ ಅಪ್ಪನ ಮರ್ಯಾದೆ ಕಳೆದ್ಲು ಅಂದ್ಲು. ಒಳ್ಳೆಯವಳೇ ಅವಳು, ಸಂಕಟಕ್ಕೆ ಅಂದಿದ್ದು. ಆದ್ರೆ ಒಂದು ಸಲ ಅಂದ ಮಾತು ಊರೆಲ್ಲ ಸುತ್ತುತ್ತೆ. ನೀನು ಬೆಳೆದ ಮೇಲೆ ಯಾರಾದ್ರೂ ನಿನಗೆ ಹಾಗೆ ಅಂದ್ರೆ? ಅವತ್ತಿಂದ ಕಾರಣ ನಿದ್ದೆ ಅಂದೆ. ಇವನ ಹತ್ರ, ನಿಮ್ಮಮ್ಮನ ಹತ್ರ ಆಣೆ ಹಾಕಿಸ್ಕೊಂಡೆ.”

“ಅದಕ್ಕೇ ಆಟಕ್ಕೂ ಬರಲಿಲ್ವಾ?”

“ಒಳಗೆ ಬಂದ್ರೆ ಯಾರಾದ್ರೂ ಕೇಳೇ ಕೇಳ್ತಾರೆ, ಹೇಗಾಯ್ತು ಪೇಂಟರೇ ಅಂತ. ನೀನು ಪಕ್ಕದಲ್ಲಿರ್ತೀಯ. ಈ ಕುರ್ಚಿ ಎದುರಿಗಿಟ್ಕೊಂಡು, ನಿನ್ನ ಮುಖ ನೋಡ್ಕೊಂಡು ಸುಳ್ಳು ಹೇಳೋಕೆ ನನ್ನ ಕೈಲಿ ಆಗ್ತಿರಲಿಲ್ಲ.” ಅಂಗಿಯ ಜೇಬಿನಿಂದ ನನ್ನ ಮೂರು ಪುಟಗಳನ್ನು ತೆಗೆದರು. ನಾಲ್ಕಾಗಿ ಮಡಿಸಿದ್ದರು. “ಇದನ್ನ ಎರಡು ಸಲ ಎಣಿಸಿದೆ. ಇಪ್ಪತ್ತಮೂರು ಜನ. ನಿನ್ನಿಂದ ಏನೂ ಕಳೆದುಹೋಗಿಲ್ಲ ಕಣೆ. ನಿನ್ನಿಂದ ಇಷ್ಟು ಜನಕ್ಕೆ ಕೂರೋಕೆ ಜಾಗ ಸಿಕ್ಕಿದೆ. ಈಗ ಹೇಳಬಹುದು ಅನ್ನಿಸ್ತು.”

ನಾನು ಅತ್ತೆ. ಮುಚ್ಚಿಟ್ಟುಕೊಳ್ಳುವುದೇನಿದೆ, ಮೂರು ಸಾವಿರ ಜನರ ನಡುವೆ ಕೂತು ಮೂಗು ಒರೆಸಿಕೊಳ್ಳುತ್ತಾ ಅತ್ತೆ. ಜಡೆ ಹಿಡಿದು ಹೊಡೆದಿದ್ದ ಆ ಹುಡುಗಿ ನೆನಪಾದಳು. ಜೀವನದಲ್ಲಿ ಯಾವತ್ತೂ ಅಪ್ಪನಿಗೆ ನಾನು ಕೇಳದಿದ್ದ ಪ್ರಶ್ನೆಯೊಂದಿತ್ತು. ಊರೆಲ್ಲ ಕೇಳಿದ್ದನ್ನು ನಾನೂ ಕೇಳಿದೆ.

“ಅಪ್ಪ, ಇಪ್ಪತ್ತೇಳಾದ ಮೇಲೆ ಎಷ್ಟು?”

ಅಪ್ಪ ಕೈ ಹಿಂದಕ್ಕೆ ಚಾಚಿ, ತಾವು ಕೂತಿದ್ದ ಕುರ್ಚಿಯ ಒರಗು ಹಲಗೆಯ ಮೇಲೆ, ಬಣ್ಣ ಮಾಸಿದ ಅಂಕೆಯ ಮೇಲೆ ಬೆರಳಿಟ್ಟರು.

“ನೀನು,” ಅಂದರು.

ಎರಡನೇ ಅರ್ಧದ ಸೀಟಿಯಾಯಿತು. ಮೊದಲನೇ ಇಪ್ಪತ್ತೇಳರಲ್ಲಿ ಕೂತಿದ್ದವರು, ನಮ್ಮ ಪರಿಚಯವೇ ಇಲ್ಲದವರು, ಅಪ್ಪನಿಂದ ತೊಡೆಗೆ ಏಟು ತಿಂದವರು, ಸ್ವಲ್ಪ ಆಚೆ ಸರಿದು ನನಗೂ ಜಾಗ ಮಾಡಿಕೊಟ್ಟರು.